93,000 ಡಾಲರುಗಳ ಬಾಕಿ: ವಂಚಿತ ಕಳ್ಳನ ಸೇಡು ಮತ್ತು ಮುಖವಿಲ್ಲದ ಸಂಸ್ಥೆ

(ಸಂಘದ ಚಿತ್ರಸಂಜೆ ಮಾಲಿಕೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ವೇದಿಕೆಯ ಮೇಲೆ ವಚನಗಳನ್ನು ಕುರಿತೊ ನವ್ಯಕಾವ್ಯವನ್ನು ಕುರಿತೊ ಮಾತನಾಡುವುದು ವಾಡಿಕೆ. ಅಮೆರಿಕದ ಒಂದು ಹೊಡೆದಾಟದ ಚಿತ್ರವನ್ನು, ಅದರಲ್ಲಿಯೂ ಮಿತ್ರನಿಂದ ವಂಚಿತನಾದ ಒಬ್ಬ ಕಳ್ಳನ ಸೇಡಿನ ಕಥೆಯನ್ನು, ನಾನು ವಿಷಯವನ್ನಾಗಿ ಆರಿಸಿಕೊಂಡಿರುವುದಕ್ಕೆ ಕೆಲವು ಹಿರಿಯರು ಹುಬ್ಬೇರಿಸಿದ್ದಾರೆಂದು ಕಾರ್ಯದರ್ಶಿಗಳು ಸೂಚ್ಯವಾಗಿ ತಿಳಿಸಿದರು. ನಮ್ಮ ಪರಂಪರೆ ಕಳ್ಳನನ್ನು ಕಂಡು ಮುಖ ತಿರುಗಿಸಿದ್ದಿಲ್ಲ ಎಂಬುದನ್ನು ಆ ಹಿರಿಯರಿಗೆ ವಿನಯದಿಂದ ನೆನಪಿಸಬೇಕಾಗಿದೆ. ಶೂದ್ರಕನ 'ಮೃಚ್ಛಕಟಿಕ'ದ ಶರ್ವಿಲಕ ಗೋಡೆಗೆ ಕನ್ನ ಕೊರೆಯುವಾಗಲೂ ಶಾಸ್ತ್ರವನ್ನು ವಿಚಾರಿಸುತ್ತಾನೆ. ಕದಿಯಬಾರದ್ದು ಯಾವುದು ಎಂಬ ಲೆಕ್ಕ ಅವನಲ್ಲಿದೆ. ಕಳ್ಳನ ಮೂಲಕ ಸಮಾಜವನ್ನು ನೋಡುವುದು ಹೊಸ ಉಪಾಯವೇನೂ ಅಲ್ಲ. ಇನ್ನೊಂದು ಕಾರಣ ನನ್ನ ವೃತ್ತಿಗೆ ಸಂಬಂಧಿಸಿದ್ದು. ಕೇಂದ್ರ ಸರ್ಕಾರದ ಲೆಕ್ಕಪತ್ರ ಶಾಖೆಗಳಲ್ಲಿ ಮೂರು ದಶಕಗಳನ್ನು ಕಳೆದವನು ನಾನು. ಒಂದು ಬಾಕಿಯ ವಸೂಲಿಗಾಗಿ ಮನುಷ್ಯನೊಬ್ಬ ಮೇಜಿನಿಂದ ಮೇಜಿಗೆ, ಅಂತಸ್ತಿನಿಂದ ಅಂತಸ್ತಿಗೆ ಅಲೆಯುವುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಬೇರೊಂದು ಚಿತ್ರವನ್ನು ನಾನು ಕಂಡಿಲ್ಲ.

ಚಿತ್ರದ ಹೆಸರು 'ಪಾಯಿಂಟ್ ಬ್ಲ್ಯಾಂಕ್', ತೆರೆಕಂಡದ್ದು 1967ರಲ್ಲಿ. ನಿರ್ದೇಶಕರು ಇಂಗ್ಲೆಂಡಿನ ಜಾನ್ ಬೂರ್ಮನ್. ಹಾಲಿವುಡ್‌ನಲ್ಲಿ ಅವರಿಗೆ ಇದು ಮೊದಲ ಚಿತ್ರ. ಮುಖ್ಯ ಪಾತ್ರ ಲೀ ಮಾರ್ವಿನ್ ಅವರದು. ಮೂಲ ಕಾದಂಬರಿ 'ದಿ ಹಂಟರ್', ಡೊನಾಲ್ಡ್ ವೆಸ್ಟ್‌ಲೇಕ್ ಅವರು ರಿಚರ್ಡ್ ಸ್ಟಾರ್ಕ್ ಎಂಬ ಗುಪ್ತನಾಮದಲ್ಲಿ 1962ರಲ್ಲಿ ಪ್ರಕಟಿಸಿದ್ದು. ಕಳೆದ ವಾರ ಇಲ್ಲಿ ನಡೆದ ಪ್ರದರ್ಶನಕ್ಕೆ ಬರಲಾಗದವರಿಗಾಗಿ ಕಥೆಯನ್ನು ಸ್ಥೂಲವಾಗಿ ಹೇಳಿಬಿಡುತ್ತೇನೆ. ಕಥೆ ಮೊದಲೇ ತಿಳಿದರೆ ರಸಭಂಗವಾಗುವ ಜಾತಿಯ ಚಿತ್ರ ಇದಲ್ಲ.

ವಾಕರ್ ಎಂಬವನು ಕಳ್ಳ. ಅವನಿಗೆ ಇನ್ನೊಂದು ಹೆಸರಿದೆಯೆ ಎಂಬುದು ಕಡೆಯವರೆಗೂ ತಿಳಿಯುವುದಿಲ್ಲ. ಮಾಲ್ ರೀಸ್ ಎಂಬ ಹಳೆಯ ಗೆಳೆಯ ಒಂದು ಗದ್ದಲದ ಕೂಟದಲ್ಲಿ ಅವನನ್ನು ಹಿಡಿದು, ನೆಲಕ್ಕೆ ಕೆಡವಿ, ಅವನ ಮೇಲೆಯೇ ಬಿದ್ದು, ಸಹಾಯ ಮಾಡೆಂದು ಅಂಗಲಾಚುತ್ತಾನೆ. ರೀಸ್ ಒಂದು ಸಂಸ್ಥೆಗೆ ಹಣ ಕೊಡಬೇಕಾಗಿದೆ. ಪಾತಕಿಗಳ ಆ ಕೂಟಕ್ಕೆ ಚಿತ್ರದಲ್ಲಿ ಬೇರೆ ಹೆಸರೇ ಇಲ್ಲ, ಎಲ್ಲರೂ ಅದನ್ನು 'ಸಂಸ್ಥೆ' ಎಂದೇ ಕರೆಯುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನಡುವಿನ ಅಲ್ಕಟ್ರಾಜ್ ದ್ವೀಪದಲ್ಲಿ ಹೆಲಿಕಾಪ್ಟರಿನಿಂದ ಇಳಿಯುವ ಕಳ್ಳಹಣವನ್ನು ಗೆಳೆಯರಿಬ್ಬರೂ ದೋಚುತ್ತಾರೆ. 1934ರಿಂದ 1963ರವರೆಗೆ ಅಮೆರಿಕದ ಅತಿ ಕಠಿಣ ಕಾರಾಗೃಹವಾಗಿದ್ದು ಆಮೇಲೆ ಪಾಳುಬಿದ್ದ ದ್ವೀಪ ಅದು. ಲೆಕ್ಕ ಹಾಕಿದಾಗ ರೀಸ್‌ನ ಪಾಲು ಅವನ ಸಾಲಕ್ಕೆ ಸಾಲುವುದಿಲ್ಲ. ಅವನು ವಾಕರನಿಗೆ ಗುಂಡಿಕ್ಕಿ, ಅವನ ಪಾಲಿನ 93,000 ಡಾಲರುಗಳನ್ನೂ ಅವನ ಹೆಂಡತಿ ಲಿನ್‌ಳನ್ನೂ ಕರೆದೊಯ್ಯುತ್ತಾನೆ. ಹಳೆಯ ಸೆರೆಕೋಣೆಯೊಂದರಲ್ಲಿ ಸತ್ತಂತೆ ಬಿದ್ದ ವಾಕರ್ ಹೇಗೊ ಎದ್ದು ನೀರಿಗಿಳಿಯುತ್ತಾನೆ.

ಮುಂದಿನ ದೃಶ್ಯದಲ್ಲಿಯೇ ಅವನು ಅಚ್ಚುಕಟ್ಟಾದ ಸೂಟು ಧರಿಸಿ ಒಂದು ಪ್ರವಾಸಿ ದೋಣಿಯಲ್ಲಿ ನಿಂತಿದ್ದಾನೆ. ಈ ದ್ವೀಪದಿಂದ ತಪ್ಪಿಸಿಕೊಳ್ಳುವುದು ಎಷ್ಟು ಅಸಾಧ್ಯವಾಗಿತ್ತೆಂದು ಮಾರ್ಗದರ್ಶಿಯ ಧ್ವನಿ ವಿವರಿಸುತ್ತಿದೆ. ಯೋಸ್ಟ್ ಎಂಬ ಅಪರಿಚಿತ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ನಿನಗೆ ನಿನ್ನ ಹಣ ಬೇಕು, ನನಗೆ ಸಂಸ್ಥೆ ಬೇಕು ಎಂಬರ್ಥದ ಮಾತನಾಡಿ ಲಿನ್‌ಳ ವಿಳಾಸವನ್ನು ಕೊಡುತ್ತಾನೆ. ಈ ಯೋಸ್ಟ್‌ನನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಲ್ಲಿಂದಾಚೆಗೆ ನಡೆಯುವುದು ವಸೂಲಿ. ಲಿನ್‌ಳನ್ನು ರೀಸ್ ಆಗಲೇ ತೊರೆದಿದ್ದಾನೆ; ಅವಳು ನಿದ್ರೆಯ ಮಾತ್ರೆಗಳನ್ನು ನುಂಗಿ ಸಾಯುತ್ತಾಳೆ. ಕಾರು ಮಾರುವ ಸ್ಟೆಗ್ಮನ್‌ನಿಂದ ರೀಸ್‌ಗೆ, ರೀಸ್‌ನಿಂದ ಅವನ ಮೇಲಿನ ಕಾರ್ಟರನಿಗೆ, ಕಾರ್ಟರನಿಂದ ಬ್ರೂಸ್ಟರನಿಗೆ ವಾಕರ್ ಹತ್ತುತ್ತ ಹೋಗುತ್ತಾನೆ. ಎಲ್ಲರಲ್ಲಿಯೂ ಅವನದು ಒಂದೇ ಬೇಡಿಕೆ: ನನ್ನ 93,000 ಡಾಲರು.

ಇಲ್ಲಿ ಒಂದು ಕಾನೂನಿನ ಪ್ರಶ್ನೆಯನ್ನು ಎತ್ತಬೇಕು. ಅದನ್ನು ಬಿಟ್ಟರೆ ಈ ಬಗೆಯ ಕಥೆಗಳ ಬೇರು ತಿಳಿಯುವುದಿಲ್ಲ. ವಾಕರನಿಗೆ ಬರಬೇಕಾದ ಹಣ ಯಾವುದು? ಕದ್ದ ಹಣದಲ್ಲಿ ಒಂದು ಪಾಲು. ಆ ಪಾಲನ್ನು ಕೊಡಿಸುವ ನ್ಯಾಯಾಲಯ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. 1872ರ ನಮ್ಮ ಭಾರತೀಯ ಕರಾರು ಅಧಿನಿಯಮದ 23ನೆಯ ಪ್ರಕರಣ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದರ ಕೆಳಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು, ಮೂವರು ಸೇರಿ ವಂಚನೆಯಿಂದ ಗಳಿಸಿದ ಲಾಭವನ್ನು ಹಂಚಿಕೊಳ್ಳಲು ಮಾಡಿಕೊಂಡ ಒಪ್ಪಂದ. ಅದರ ಉದ್ದೇಶ ನ್ಯಾಯಬಾಹಿರವಾದುದರಿಂದ ಆ ಒಪ್ಪಂದ ಶೂನ್ಯ. ಇಂಗ್ಲೆಂಡಿನಲ್ಲಿ 1725ರಷ್ಟು ಹಿಂದೆಯೇ ಒಬ್ಬ ಇಂಥ ದಾವೆಯನ್ನು ಹೂಡಿದ್ದ. ಎವರೆಟ್ ಮತ್ತು ವಿಲಿಯಮ್ಸ್ ಎಂಬಿಬ್ಬರು ಹೆದ್ದಾರಿ ದರೋಡೆಕೋರರು. ಎವರೆಟ್‌ಗೆ ತನ್ನ ಪಾಲು ಸರಿಯಾಗಿ ಬರಲಿಲ್ಲ. ದರೋಡೆ ಎಂಬ ಪದವನ್ನೇ ಬಳಸದೆ, ಪಾಲುದಾರಿಕೆಯ ವ್ಯಾಪಾರವೊಂದರ ಲೆಕ್ಕ ಕೊಡಿಸಿ ಎಂಬಂತೆ ಅವನ ಅರ್ಜಿಯನ್ನು ಬರೆಯಲಾಗಿತ್ತು. ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತಲ್ಲದೆ ಅದನ್ನು ತಂದ ವಕೀಲರಿಗೆ ದಂಡ ವಿಧಿಸಿತು. ವಾದಿ ಪ್ರತಿವಾದಿಗಳಿಬ್ಬರೂ ಮುಂದಿನ ವರ್ಷಗಳಲ್ಲಿ ಗಲ್ಲಿಗೇರಿದರು. ಆ ಅರ್ಜಿಯನ್ನು ಬರೆದ ಗುಮಾಸ್ತನ ಮುಖಭಾವವನ್ನು ನೆನೆದು ನನಗೆ ಆಗಾಗ ನಗು ಬರುವುದುಂಟು.

ವಂಚಿತ ಕಳ್ಳನ ಕಥೆ ಹೀಗೆ ಕಾನೂನು ಬಿಟ್ಟ ಬಯಲಿನಲ್ಲಿ ಹುಟ್ಟುತ್ತದೆ. ಸಾಮಾನ್ಯ ಮನುಷ್ಯನಿಗೆ ದ್ರೋಹವಾದರೆ ದೂರು ಕೊಡುವ ಠಾಣೆಯಿದೆ, ಪಂಚಾಯಿತಿಯಿದೆ, ಕಡೆಗೆ ನಾಲ್ಕು ಜನರ ಮುಂದೆ ಗೋಳಿಡುವ ಅವಕಾಶವಾದರೂ ಇದೆ. ಕಳ್ಳನಿಗೆ ಅದಾವುದೂ ಇಲ್ಲ. ಅವನ ವ್ಯವಹಾರವೆಲ್ಲ ನಂಬಿಕೆಯ ಮೇಲೆಯೇ ನಿಂತಿರಬೇಕು. ಮಾತು ಮುರಿದವನನ್ನು ಶಿಕ್ಷಿಸುವ ಅಧಿಕಾರಿಯೂ ಅವನೇ ಆಗಬೇಕು. ಆದ್ದರಿಂದಲೇ ಕಳ್ಳರ ನಡುವಣ ದ್ರೋಹ ನಮ್ಮನ್ನು ಅಷ್ಟು ಕಲಕುತ್ತದೆ. ಬರಹವಾಗಲಿ ಸಾಕ್ಷಿಯಾಗಲಿ ಇಲ್ಲದ ವಿಶ್ವಾಸ ಅಲ್ಲಿ ಒಡೆಯುತ್ತದೆ. ಶುದ್ಧ ಸಜ್ಜನರಾದ ಪ್ರೇಕ್ಷಕರು ಕೂಡ ಕತ್ತಲೆಯ ಚಿತ್ರಮಂದಿರದಲ್ಲಿ ಕಳ್ಳನ ಪಕ್ಷ ವಹಿಸುವುದು ಇದೇ ಕಾರಣಕ್ಕೆ.

ಇನ್ನು ಸೇಡಿನ ವಿಚಾರ. ನಮ್ಮ ಕಾವ್ಯಗಳಲ್ಲಿ ಸೇಡಿಗೆ ಒಂದು ಮುಖವಿದೆ. ರನ್ನನ 'ಗದಾಯುದ್ಧ'ವನ್ನೇ ನೆನೆಯೋಣ. ಭೀಮನಿಗೆ ತನ್ನ ವೈರಿ ಯಾರೆಂಬುದು ಗೊತ್ತು, ಯಾವ ಅಪರಾಧಕ್ಕಾಗಿ ಯಾವ ಅಂಗವನ್ನು ಮುರಿಯಬೇಕೆಂಬುದೂ ಗೊತ್ತು. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದರೂ ಭೀಮನ ಗರ್ಜನೆ ಅವನನ್ನು ಹೊರಗೆ ತರುತ್ತದೆ. ಹೊರಬಂದ ಮೇಲೆ ಅವನು ಅಭಿಮಾನಧನನಾದ ದುರ್ಯೋಧನನೇ, ನನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವವನಲ್ಲ. ವೈರಿ ತನ್ನ ವೈರಕ್ಕೆ ಸಹಿ ಹಾಕುತ್ತಾನೆ. ಹಿಂದಿ ಚಿತ್ರಗಳೂ ಬಹುಕಾಲ ಇದೇ ದಾರಿಯಲ್ಲಿ ನಡೆದವು. 1973ರ 'ಜಂಜೀರ್'ನಲ್ಲಿ ಬಾಲಕ ಕಂಡ ಕೊಲೆಗಾರನ ಕೈಯ ಸರಪಣಿಯಲ್ಲಿ ಒಂದು ಕುದುರೆಯ ಗುರುತಿತ್ತು. ಎಷ್ಟೋ ವರ್ಷಗಳ ಮೇಲೆ ಆ ಕುದುರೆಯೇ ಅವನನ್ನು ಹಿಡಿದುಕೊಡುತ್ತದೆ. ವಿಲನ್‌ಗೆ ಗುರುತಿತ್ತು, ವಿಳಾಸವಿತ್ತು.

ವಾಕರನ ಪಾಡು ಬೇರೆ. ರೀಸ್‌ನನ್ನು ಅವನು ಬೇಗನೆ ಹಿಡಿಯುತ್ತಾನೆ. ಹೋಟೆಲಿನ ಮೇಲಂತಸ್ತಿನಲ್ಲಿ, ಕಾವಲುಗಾರರ ನಡುವೆ ಇದ್ದ ರೀಸ್ ಹೊದಿಕೆಯೊಂದನ್ನೇ ಸುತ್ತಿಕೊಂಡವನು ಹಿಡಿತ ತಪ್ಪಿ ಕೆಳಗೆ ಬಿದ್ದು ಸಾಯುತ್ತಾನೆ. ಹಳೆಯ ಕಥೆಯಾಗಿದ್ದರೆ ಇಲ್ಲಿಗೆ ಮಂಗಳ ಹಾಡಬೇಕಾಗಿತ್ತು: ಮಿತ್ರದ್ರೋಹಿ ಸತ್ತ, ಸೇಡು ತೀರಿತು. ಆದರೆ ಚಿತ್ರ ಇನ್ನೂ ಅರ್ಧದಷ್ಟು ಉಳಿದಿದೆ. ರೀಸ್ ಆ ಹಣವನ್ನು ಸಂಸ್ಥೆಗೆ ಕಟ್ಟಿಬಿಟ್ಟಿದ್ದಾನೆ. ಬಾಕಿಯೀಗ ಮನುಷ್ಯನ ಮೇಲಿಲ್ಲ, ಸಂಸ್ಥೆಯ ಮೇಲಿದೆ. ನನ್ನ ಮಟ್ಟಿಗೆ ಚಿತ್ರ ನಿಜವಾಗಿ ಆರಂಭವಾಗುವುದು ಇಲ್ಲಿಂದ.

ಕಾರ್ಟರನ ಕಚೇರಿ ಗಾಜಿನದು, ತಿಳಿಬಣ್ಣದ ಗೋಡೆಗಳದು. ಅಲ್ಲಿ ಬಂದೂಕಿನ ಸುಳಿವೇ ಇಲ್ಲ. ಇಂಥ ಬೃಹತ್ ಆರ್ಥಿಕ ವ್ಯವಸ್ಥೆಯನ್ನು ಕೇವಲ 93,000 ಡಾಲರುಗಳಿಗಾಗಿ ಒಬ್ಬ ಮನುಷ್ಯ ಕೆಣಕುವನೆಂದರೆ ಕಾರ್ಟರನಿಗೆ ನಂಬಿಕೆ ಬರುವುದಿಲ್ಲ. ನಿನಗೆ ನಿಜವಾಗಿ ಬೇಕಾದದ್ದು ಏನು ಎಂದು ಮತ್ತೆ ಕೇಳುತ್ತಾನೆ. ವಾಕರನಿಗೂ ಆ ಪ್ರಶ್ನೆ ಅರ್ಥವಾಗುವುದಿಲ್ಲ. ಕಾರ್ಟರ್ ಹಣ ಕೊಡಿಸುವ ನಾಟಕ ಹೂಡಿ, ಲಾಸ್ ಏಂಜಲೀಸ್‌ನ ಕಾಂಕ್ರೀಟಿನ ನೀರುಗಾಲುವೆಯೊಂದರಲ್ಲಿ ದೂರದಿಂದ ಗುರಿಯಿಡುವ ಬಂದೂಕುಗಾರನನ್ನು ನಿಲ್ಲಿಸಿರುತ್ತಾನೆ. ವಾಕರ್ ಕಾರ್ಟರನನ್ನೇ ಮುಂದೆ ತಳ್ಳುತ್ತಾನೆ. ತಾನೇ ಗೊತ್ತುಮಾಡಿದ ಗುಂಡಿಗೆ ಕಾರ್ಟರ್ ಬಲಿಯಾಗುತ್ತಾನೆ. ವಾಕರ್ ಕಟ್ಟನ್ನು ಬಿಚ್ಚಿ ನೋಡಿದರೆ ಒಳಗೆ ಇರುವುದು ಬರೀ ಕಾಗದ. ಸಂಸ್ಥೆಯೊಂದು ಅರ್ಜಿದಾರನಿಗೆ ಕೊಡುವ ಉತ್ತರವನ್ನು ಇದಕ್ಕಿಂತ ಚೆನ್ನಾಗಿ ಚಿತ್ರಿಸುವುದು ಕಷ್ಟ.

ಬ್ರೂಸ್ಟರನ ದೃಶ್ಯವಂತೂ ನಗು ತರಿಸುತ್ತದೆ, ಜೊತೆಗೆ ಎದೆಯನ್ನೂ ಹಿಂಡುತ್ತದೆ. ಕ್ಯಾರಲ್ ಓ'ಕಾನರ್ ಅದನ್ನು ಒಬ್ಬ ಬೇಸತ್ತ ಮೇಲಧಿಕಾರಿಯಂತೆ ಅಭಿನಯಿಸಿದ್ದಾರೆ. ನಾವು ಕೋಟಿಗಳಲ್ಲಿ ವ್ಯವಹರಿಸುತ್ತೇವೆ, ನಗದನ್ನು ಕಣ್ಣಿನಿಂದಲೂ ಕಾಣುವುದಿಲ್ಲ, ನನ್ನ ಜೇಬಿನಲ್ಲಿ ಇರುವುದು ಹನ್ನೊಂದು ಡಾಲರು ಎಂಬುದು ಅವನ ವಾದ. ಇದು ಕಳ್ಳನೆವವಲ್ಲ, ನಿಜ. ಸಂಸ್ಥೆಯಲ್ಲಿ ಯಾರೊಬ್ಬರಿಗೂ ಹಣ ಕೊಡುವ ಅಧಿಕಾರವಿಲ್ಲ. ಮೇಲೆ ಫೇರ್‌ಫ್ಯಾಕ್ಸ್ ಎಂಬವನೊಬ್ಬನಿದ್ದಾನೆ. ಅವನೇ ಸಹಿ ಹಾಕಬೇಕು. ದೂರವಾಣಿಯಲ್ಲಿ ಅವನನ್ನು ಕೇಳಿದರೆ ಆತ ಕೊಡಲಾಗದು ಎನ್ನುತ್ತಾನೆ. ದೂರವಾಣಿಯ ಧ್ವನಿಯ ಎದೆಗೆ ಬಂದೂಕು ಹಿಡಿಯುವುದು ಹೇಗೆ?

ನಾನು ಕೆಲಸ ಮಾಡಿದ ಒಂದು ಕಚೇರಿಗೆ, ಕೆಳದರ್ಜೆಯ ನೌಕರನೊಬ್ಬನ ವಿಧವೆ ಕುಟುಂಬ ಪಿಂಚಣಿಯ ಹಿಂಬಾಕಿಗಾಗಿ ಪ್ರತಿ ತಿಂಗಳೂ ಬರುತ್ತಿದ್ದಳು. ಕಡತ ತನ್ನಲ್ಲಿಲ್ಲವೆಂದು ಒಂದು ಮೇಜು ಹೇಳುತ್ತಿತ್ತು. ಬಂದಿದೆ, ಆದರೆ ಮಂಜೂರಾತಿ ಬಂದಿಲ್ಲವೆಂದು ಇನ್ನೊಂದು. ಮಂಜೂರು ಮಾಡುವ ಸಕ್ಷಮ ಪ್ರಾಧಿಕಾರ ಬೇರೆ ಊರಿನಲ್ಲಿದೆಯೆಂದು ಮತ್ತೊಂದು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಯಾರೂ ಲಂಚ ಕೇಳುತ್ತಿರಲಿಲ್ಲ. ಆಕೆಗೆ ಸಿಟ್ಟು ಬಂದರೂ ಅದನ್ನು ಯಾರ ಮೇಲೆ ತೋರಿಸಬೇಕೆಂಬುದು ತಿಳಿಯುತ್ತಿರಲಿಲ್ಲ. ಆಕೆಯ ಬೇಡಿಕೆ ಕಾನೂನಿನ ಬಲವುಳ್ಳದ್ದು, ವಾಕರನದು ಕಾನೂನಿನ ಹೊರಗಿನದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಉದ್ದೇಶ ನನಗಿಲ್ಲ. ಆದರೆ ಇಬ್ಬರೂ ಮುಟ್ಟಿದ ಗೋಡೆ ಒಂದೇ. ಬೂರ್ಮನ್ ಮಾಡಿದ ಸಾಹಸವೆಂದರೆ, ಪಾತಕಿಗಳ ಕೂಟವನ್ನು ಗುಹೆಯಲ್ಲಿ ಹುಡುಕದೆ ಹವಾನಿಯಂತ್ರಿತ ಕಚೇರಿಯಲ್ಲಿ ಹುಡುಕಿದ್ದು. ಸಜ್ಜನರ ಸಂಸ್ಥೆಗೂ ದುರ್ಜನರ ಸಂಸ್ಥೆಗೂ ನಡೆನುಡಿಯಲ್ಲಿ ವ್ಯತ್ಯಾಸ ಕಾಣದಂತಾದಾಗ ಕಳ್ಳನೇ ಹಳೆಯ ಕಾಲದ ಪ್ರಾಮಾಣಿಕನಂತೆ ಕಾಣಿಸಿಕೊಳ್ಳುತ್ತಾನೆ. ಅವನು ಕೇಳುವುದು ತನ್ನ ಲೆಕ್ಕವನ್ನು ಮಾತ್ರ, ಒಂದು ಡಾಲರೂ ಹೆಚ್ಚಿಲ್ಲ.

ಇದನ್ನು ಹೊಡೆದಾಟದ ಚಿತ್ರವೆಂದು ಆಗಲೇ ಕರೆದೆನಷ್ಟೆ. ಸೂಕ್ಷ್ಮವಾಗಿ ನೋಡಿದರೆ ವಾಕರ್ ತನ್ನ ಕೈಯಾರೆ ಯಾರನ್ನೂ ಕೊಲ್ಲುವುದಿಲ್ಲ. ರೀಸ್ ಬೀಳುತ್ತಾನೆ, ಕಾರ್ಟರನನ್ನು ಸಂಸ್ಥೆಯ ಬಂದೂಕೇ ಕೊಲ್ಲುತ್ತದೆ, ಲಿನ್ ತಾನೇ ಸಾಯುತ್ತಾಳೆ. ವಾಕರ್ ಗುಂಡು ಹಾರಿಸುವುದು ಖಾಲಿ ಹಾಸಿಗೆಗೆ. ಅವನ ಕ್ರೌರ್ಯವೆಲ್ಲ ವಸ್ತುಗಳ ಮೇಲೆ. ಸ್ಟೆಗ್ಮನ್‌ನ ಹೊಸ ಕಾರನ್ನು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ, ಸೇತುವೆಯ ಕಂಬಗಳಿಗೆ ಹಿಂದೆ ಮುಂದೆ ಗುದ್ದಿಸಿ ನುಚ್ಚುನೂರು ಮಾಡುವ ದೃಶ್ಯವನ್ನು ನೋಡಿ ಕಳೆದ ವಾರ ನಮ್ಮ ಯುವಕರು ಚಪ್ಪಾಳೆ ತಟ್ಟಿದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಎರಡು ದೃಶ್ಯಗಳು. ಉದ್ದನೆಯ ಮೊಗಸಾಲೆಯೊಂದರಲ್ಲಿ ವಾಕರ್ ನೇರವಾಗಿ ನಡೆದು ಬರುತ್ತಾನೆ, ಬೂಟುಗಳ ಸದ್ದು ಏರುತ್ತ ಹೋಗುತ್ತದೆ. ಅವನು ಕಣ್ಣಿಗೆ ಕಾಣದಾದರೂ, ಹೆಂಡತಿ ಕನ್ನಡಿಯ ಮುಂದೆ ಕುಳಿತಿರುವ ಚಿತ್ರ ಬಂದರೂ, ಆ ಸದ್ದು ಮಾತ್ರ ನಿಲ್ಲುವುದಿಲ್ಲ. ಮನೆಗೆ ನುಗ್ಗಿದ ಮೇಲೆ ಅವನು ಏನನ್ನೂ ಕೇಳುವುದಿಲ್ಲ. ಲಿನ್ ಕೇಳದ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಹೋಗುತ್ತಾಳೆ. ದ್ರೋಹ ಮಾಡಿದವರ ಸ್ಥಿತಿಯನ್ನು ಹೀಗೆ ಮೌನದಿಂದ ಹೇಳಿಸಿದ ದೃಶ್ಯಗಳು ಅಪರೂಪ.

ಎರಡನೆಯದು ಲಿನ್‌ಳ ಸೋದರಿ ಕ್ರಿಸ್ ಬರುವ ದೃಶ್ಯ. ಆ ಪಾತ್ರ ಏಂಜಿ ಡಿಕಿನ್ಸನ್ ಅವರದು. ರೀಸ್‌ನ ಕೋಣೆಯ ಬಾಗಿಲು ತೆರೆಸುವುದಕ್ಕಾಗಿ ವಾಕರ್ ಅವಳನ್ನು, ರೀಸ್ ಎಂದರೆ ಮೈ ಮುದುರಿಕೊಳ್ಳುವವಳನ್ನು, ಅವನ ಹಾಸಿಗೆಗೆ ಕಳುಹಿಸುತ್ತಾನೆ. ಮುಂದೊಮ್ಮೆ ಅವಳು ವಾಕರನನ್ನು ಎರಡೂ ಕೈಗಳಿಂದ ಬಡಿಯುತ್ತಾಳೆ. ತೋಳು ಸೋತು ನೆಲಕ್ಕೆ ಕುಸಿಯುವವರೆಗೂ ಬಡಿಯುತ್ತಾಳೆ. ಅವನು ಕಂಬದಂತೆ ನಿಂತಿದ್ದು, ಆಮೇಲೆ ಹೋಗಿ ದೂರದರ್ಶನದ ಮುಂದೆ ಕೂರುತ್ತಾನೆ. ವಿಮರ್ಶಕರು ಈ ದೃಶ್ಯವನ್ನು ವಾಕರನ ಮರಗಟ್ಟಿದ ಮನಸ್ಸಿನ ಚಿತ್ರಣವೆಂದು ಕೊಂಡಾಡುವುದುಂಟು. ನನ್ನ ಆಕ್ಷೇಪಣೆ ಇಲ್ಲಿಯೇ ಇದೆ. ಒಬ್ಬ ಗಂಡಸಿನ ಬಾಕಿಯ ಲೆಕ್ಕವನ್ನು ಡಾಲರಿನವರೆಗೂ ನೆನಪಿಟ್ಟುಕೊಂಡ ಚಿತ್ರ, ಈ ಹೆಂಗಸಿಗೆ ಬರಬೇಕಾದ ಬಾಕಿಯನ್ನು ಎಲ್ಲಿಯೂ ಬರೆದುಕೊಳ್ಳುವುದಿಲ್ಲ. ಚಿತ್ರದ ಕೊನೆಯಲ್ಲಿ ಅವಳು ಎಲ್ಲಿ ಹೋದಳೆಂಬುದನ್ನು ಕೇಳುವವರೇ ಇಲ್ಲ. ಸೇಡಿನ ಕಥೆಗಳಲ್ಲಿ ಇದು ಹಳೆಯ ರೋಗ; ಬೂರ್ಮನ್ ಅವರಂಥ ಸೂಕ್ಷ್ಮಜ್ಞರೂ ಅದರಿಂದ ಪಾರಾಗಲಿಲ್ಲ.

ಲೀ ಮಾರ್ವಿನ್ ಅವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅವರು ನೌಕಾಪದಾತಿ ದಳದ ಸೈನಿಕರಾಗಿದ್ದರು. 1944ರಲ್ಲಿ ಪೆಸಿಫಿಕ್ ಸಾಗರದ ಸೈಪನ್ ದ್ವೀಪದ ಕಾಳಗದಲ್ಲಿ ತೀವ್ರವಾಗಿ ಗಾಯಗೊಂಡರು. ಚಿತ್ರ ತಯಾರಿಕೆಯ ವೇಳೆಗೆ ಅವರು ಆಸ್ಕರ್ ಪಡೆದ ದೊಡ್ಡ ನಟ. ಒಪ್ಪಂದದಲ್ಲಿ ತಮಗಿದ್ದ ನಿರ್ಣಯಾಧಿಕಾರಗಳನ್ನು ಅವರು ಆ ಹೊಸ ನಿರ್ದೇಶಕನಿಗೆ ಬಿಟ್ಟುಕೊಟ್ಟರೆಂಬುದನ್ನು ಬೂರ್ಮನ್ ಕೃತಜ್ಞತೆಯಿಂದ ನೆನೆದಿದ್ದಾರೆ. ದ್ರೋಹದ ಕಥೆಯೊಂದು ಹೀಗೆ ನಂಬಿಕೆಯ ಮೇಲೆ ನಿಂತು ತಯಾರಾಯಿತು. ಬಿಡುಗಡೆಯಾದ ಕಾಲಕ್ಕಿಂತ ಆಮೇಲೆಯೇ ಅದರ ಕೀರ್ತಿ ಬೆಳೆದದ್ದು. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೆ ಅದು ಸೇರಿತು.

ಇದೇ ಕಥಾವಸ್ತು ಮತ್ತೆ ಮತ್ತೆ ತೆರೆಗೆ ಬಂದಿದೆ. ಕಾದಂಬರಿಯಲ್ಲಿ ಕಳ್ಳನ ಹೆಸರು ಪಾರ್ಕರ್. ಇಡೀ ಕಾದಂಬರಿಮಾಲೆಯನ್ನು ಚಿತ್ರಿಸುವುದಾದರೆ ಮಾತ್ರ ಆ ಹೆಸರು ಎಂದು ವೆಸ್ಟ್‌ಲೇಕ್ ಪಟ್ಟು ಹಿಡಿದಿದ್ದರಿಂದ ಅವನು ಇಲ್ಲಿ ವಾಕರ್ ಆದ, 1999ರ 'ಪೇಬ್ಯಾಕ್'ನಲ್ಲಿ ಪೋರ್ಟರ್ ಆದ. ಮೆಲ್ ಗಿಬ್ಸನ್ ಅಭಿನಯದ ಆ ಚಿತ್ರದಲ್ಲಿ ಬಾಕಿ 70,000 ಡಾಲರು. ಎದುರಿನವರೆಲ್ಲ 1,30,000 ಎಂದು ತಪ್ಪಾಗಿ ತಿಳಿಯುವುದು, ಪೋರ್ಟರ್ ಪ್ರತಿ ಸಲವೂ ತಿದ್ದುವುದು ಒಂದು ಹಾಸ್ಯವಾಗಿ ಬೆಳೆಯುತ್ತದೆ. 2008ರಲ್ಲಿ ವೆಸ್ಟ್‌ಲೇಕ್ ತೀರಿಕೊಂಡ ಮೇಲೆ 2013ರಲ್ಲಿ ಬಂದ 'ಪಾರ್ಕರ್' ಚಿತ್ರಕ್ಕೆ ಕಡೆಗೂ ಆ ಹೆಸರು ದೊರೆಯಿತು. ಅದು ಮಾಲೆಯ 'ಫ್ಲ್ಯಾಶ್‌ಫೈರ್' ಕಾದಂಬರಿಯನ್ನು ಆಧರಿಸಿದ್ದು. ಓಹಾಯೊ ರಾಜ್ಯದ ಜಾತ್ರೆಯ ಹಣವನ್ನು ದೋಚಿದ ಮೇಲೆ ಜೊತೆಗಾರರು ಜೇಸನ್ ಸ್ಟೇಥಮ್‌ನ ಪಾರ್ಕರ್‌ಗೆ ಗುಂಡಿಕ್ಕಿ ರಸ್ತೆಬದಿಯಲ್ಲಿ ಬಿಟ್ಟುಹೋಗುತ್ತಾರೆ. ಅವನು ಫ್ಲಾರಿಡಾದ ಶ್ರೀಮಂತರ ಊರಿನವರೆಗೂ ಅವರನ್ನು ಬೆನ್ನಟ್ಟುತ್ತಾನೆ. ಹೊಡೆದಾಟ ಚುರುಕಾಗಿದೆ, ಕಳ್ಳನ ನೀತಿಸಂಹಿತೆಯ ಬಗ್ಗೆ ಮಾತೂ ಬೇಕಾದಷ್ಟಿದೆ. ಆದರೆ ದ್ರೋಹಿಗಳು ಮತ್ತೆ ಮುಖವುಳ್ಳವರಾಗಿದ್ದಾರೆ. ಅವರನ್ನು ಕೊಂದರೆ ಕೆಲಸ ಮುಗಿಯುತ್ತದೆ. ಪ್ರೇಕ್ಷಕ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ಮೂಲ ಕಾದಂಬರಿಯಲ್ಲಿಯೂ ಕಳ್ಳ ತನ್ನ ಹಣವನ್ನು ವಸೂಲು ಮಾಡಿಕೊಳ್ಳುತ್ತಾನೆ. ನಮ್ಮ ಶಂಕರ್ ನಾಗ್ ಅವರ 1980ರ 'ಮಿಂಚಿನ ಓಟ'ವೂ ಕಳ್ಳರದೇ ಕಥೆ. ಅದರ ಜೀವಾಳವಿರುವುದು ಗೆಳೆತನದಲ್ಲಿ, ಆದ್ದರಿಂದ ಈ ಸಾಲಿನಲ್ಲಿ ಅದನ್ನು ಇಡಲಾಗದು. ಆದರೂ ಕನ್ನಡದಲ್ಲಿ ಕಳ್ಳನನ್ನು ಮನುಷ್ಯನನ್ನಾಗಿ ಕಂಡ ಚಿತ್ರವನ್ನು ಹೆಸರಿಸದೆ ಹೋದರೆ ಮನಸ್ಸಿಗೆ ಸಮಾಧಾನವಿಲ್ಲ.

ಕಳ್ಳರು ಪಾಲಿಗಾಗಿ ಒಬ್ಬರನ್ನೊಬ್ಬರು ಕೊಲ್ಲುವ ಕಥೆ ನಮ್ಮ ನೆಲದಲ್ಲಿ ಬಹು ಹಳೆಯದು. ಬೌದ್ಧರ 'ವೇದಬ್ಭ ಜಾತಕ'ದಲ್ಲಿ ಆಕಾಶದಿಂದ ಸುರಿದ ಧನಕ್ಕಾಗಿ ಕಳ್ಳರ ಎರಡು ಗುಂಪುಗಳು ಹೊಡೆದಾಡಿ ಕಡೆಗೆ ಇಬ್ಬರು ಉಳಿಯುತ್ತಾರೆ. ಒಬ್ಬ ಅನ್ನಕ್ಕೆ ವಿಷ ಬೆರೆಸಿ ತರುತ್ತಾನೆ. ಇನ್ನೊಬ್ಬ ಅವನನ್ನು ಕತ್ತಿಯಿಂದ ಕಡಿದು, ಆ ಅನ್ನವನ್ನು ಉಂಡು ಸಾಯುತ್ತಾನೆ. ಧನ ಅಲ್ಲಿಯೇ ಬಿದ್ದಿರುತ್ತದೆ. 'ಪಾಯಿಂಟ್ ಬ್ಲ್ಯಾಂಕ್'ನ ಕಡೆಯಲ್ಲಿಯೂ ಹಣದ ಕಟ್ಟು ನೆಲದ ಮೇಲೆ ಬಿದ್ದಿರುತ್ತದೆ. ಆದರೆ ಜಾತಕದಲ್ಲಿ ಎಲ್ಲ ಕಳ್ಳರೂ ಸತ್ತಿದ್ದರು. ಇಲ್ಲಿ ಒಬ್ಬ ಉಳಿದಿದ್ದಾನೆ, ಸಂಸ್ಥೆಯೂ ಉಳಿದಿದೆ.

ಆ ಕಡೆಯ ದೃಶ್ಯವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ವಾಕರ್ ಹಣವನ್ನು ಏಕೆ ತೆಗೆದುಕೊಳ್ಳಲಿಲ್ಲ ಎಂಬ ಪ್ರಶ್ನೆಯನ್ನು ಪ್ರದರ್ಶನದ ನಂತರ ಹಲವರು ಕೇಳಿದರು. ರಾತ್ರಿ, ಹಳೆಯ ಕೋಟೆಯೊಂದರ ಅಂಗಳ. ಹೆಲಿಕಾಪ್ಟರ್ ಹಣ ತಂದು ಇಳಿಸುತ್ತದೆ. ಬ್ರೂಸ್ಟರ್ ಅದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಗುಂಡೊಂದು ಅವನನ್ನು ಕೆಡವುತ್ತದೆ. ಕತ್ತಲೆಯಿಂದ ಯೋಸ್ಟ್ ಹೊರಬರುತ್ತಾನೆ. ದೋಣಿಯ ಮೇಲೆ ವಿಳಾಸ ಕೊಟ್ಟ, ದಾರಿಯುದ್ದಕ್ಕೂ ನೆರವಾದ ಆ ಯೋಸ್ಟ್ ಬೇರಾರೂ ಅಲ್ಲ, ಸ್ವತಃ ಫೇರ್‌ಫ್ಯಾಕ್ಸ್. ತನ್ನ ಸ್ಥಾನಕ್ಕೆ ಕಣ್ಣಿಟ್ಟ ಸಹೋದ್ಯೋಗಿಗಳನ್ನು ತೆಗೆಯಬೇಕಾಗಿತ್ತು. ಅದಕ್ಕಾಗಿ ಅವನು ಸಂಬಳವಿಲ್ಲದ, ದಣಿವಿಲ್ಲದ ಒಬ್ಬ ನೌಕರನನ್ನು ಹುಡುಕಿಕೊಂಡಿದ್ದ. ವಾಕರ್ ತನ್ನ ಸೇಡನ್ನು ತೀರಿಸಿಕೊಳ್ಳುತ್ತಿದ್ದೇನೆಂದು ತಿಳಿದು ನಡೆದ ಒಂದೊಂದು ಹೆಜ್ಜೆಯೂ ಸಂಸ್ಥೆಯೊಳಗಿನ ಆಡಳಿತ ಬದಲಾವಣೆಯ ಹೆಜ್ಜೆಯಾಗಿತ್ತು. ರೀಸ್ ಅವನ ಪಾಲನ್ನು ಕದ್ದ. ಫೇರ್‌ಫ್ಯಾಕ್ಸ್ ಅವನ ಸಿಟ್ಟನ್ನೇ ಕದ್ದ.

ಈ ಎರಡನೆಯ ಕಳವಿನ ಬಗ್ಗೆ ನಾವು ಯೋಚಿಸಬೇಕಾಗಿದೆ. ಅನ್ಯಾಯಕ್ಕೊಳಗಾದ ಮನುಷ್ಯನ ಕಿವಿಯಲ್ಲಿ ವಿಳಾಸವೊಂದನ್ನು ಹೇಳಿ, ಅವನ ಕೈಯಿಂದ ತಮ್ಮ ಎದುರಾಳಿಯನ್ನು ತೆಗೆಸುವ ಕಲೆ ಪಾತಕಿಗಳದಷ್ಟೇ ಅಲ್ಲ. ಪಕ್ಷಗಳಲ್ಲಿ, ಕಾರ್ಮಿಕ ಸಂಘಗಳಲ್ಲಿ, ಜಾತಿಸಭೆಗಳಲ್ಲಿ, ನಾವು ಹೊರನಾಡಿನಲ್ಲಿ ಕಂಡಿರುವ ಭಾಷಾ ಚಳವಳಿಗಳಲ್ಲಿಯೂ ಅದನ್ನು ಬಲ್ಲವರಿದ್ದಾರೆ. ಕಲ್ಲೆಸೆಯುವ ಯುವಕನ ನೋವು ನಿಜವಾದದ್ದೇ. ಅವನಿಗೆ ಅಂಗಡಿಯ ವಿಳಾಸ ಕೊಟ್ಟವನ ಹೆಸರು ಮಾತ್ರ ಯಾವ ದೋಷಾರೋಪಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಈ ಊರಿನಲ್ಲಿ ದೀರ್ಘಕಾಲದಿಂದ ಬಾಳಿದ ಹಿರಿಯರಿಗೆ ನಾನು ಏನನ್ನು ಸೂಚಿಸುತ್ತಿದ್ದೇನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೇರ್‌ಫ್ಯಾಕ್ಸ್ ಕತ್ತಲೆಯ ಕಡೆಗೆ ತಿರುಗಿ ವಾಕರನನ್ನು ಕರೆಯುತ್ತಾನೆ. ಬಾ, ನಿನ್ನ ಹಣ ಇಲ್ಲಿದೆ, ನನ್ನ ಜೊತೆಗೆ ಸೇರು ಎಂಬುದು ಆ ಕರೆಯ ಅರ್ಥ. ಇಷ್ಟು ಹೊತ್ತು ಬಾಕಿಯಾಗಿದ್ದ ಹಣ ಒಮ್ಮೆಗೇ ನೇಮಕಾತಿಯ ಮುಂಗಡವಾಗಿಬಿಟ್ಟಿದೆ. ಕಂಬದ ಮರೆಯಲ್ಲಿ ನಿಂತ ವಾಕರ್ ಮಾತನಾಡುವುದಿಲ್ಲ. ನಿಧಾನವಾಗಿ ನೆರಳಿಗೆ ಸರಿಯುತ್ತಾನೆ. ಫೇರ್‌ಫ್ಯಾಕ್ಸ್ ಇನ್ನೊಮ್ಮೆ ಕೂಗಿ ಹೊರಟುಹೋಗುತ್ತಾನೆ. ಕ್ಯಾಮರಾ ಮೇಲೇರಿ ನೀರಿನಾಚೆಯ ಅಲ್ಕಟ್ರಾಜ್‌ನ ದೀಪಗಳ ಕಡೆಗೆ ಹೊರಳುತ್ತದೆ.

ವಾಕರ್ ಮೊದಲ ದೃಶ್ಯದಲ್ಲಿಯೇ ಸತ್ತಿದ್ದ, ಇದೆಲ್ಲ ಸಾಯುವವನ ಕನಸು ಎಂದು ಓದುವವರಿದ್ದಾರೆ. ಬೂರ್ಮನ್ ಕೂಡ ಆ ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದಾರೆ. ನನಗೆ ಆ ಓದು ರುಚಿಸುವುದಿಲ್ಲ. ವಾಕರ್ ಸತ್ತವನಾದರೆ ಅವನು ಹಣವನ್ನು ಬಿಟ್ಟುಕೊಟ್ಟದ್ದಕ್ಕೆ ಬೆಲೆಯೇ ಇರುವುದಿಲ್ಲ. ಬದುಕಿರುವ ಕಳ್ಳನೊಬ್ಬ, ಇಡೀ ಚಿತ್ರದಲ್ಲಿ ಮೊದಲನೆಯ ಸಲ ತನ್ನ ಲೆಕ್ಕವನ್ನು ಕೇಳದೆ ಸುಮ್ಮನೆ ನಿಂತ ಎಂದೇ ನಾನು ಆ ದೃಶ್ಯವನ್ನು ನೋಡುತ್ತೇನೆ. ಒಪ್ಪದವರು ಈ ಸಭೆಯಲ್ಲಿ ಇದ್ದೇ ಇರುತ್ತಾರೆ. ಚರ್ಚೆಗೆ ಅರ್ಧ ಗಂಟೆಯ ಅವಕಾಶವಿದೆಯೆಂದು ಅಧ್ಯಕ್ಷರು ಹೇಳಿದ್ದಾರೆ, ಅವರ ಮಾತನ್ನು ಕೇಳಲು ನಾನು ಕಾದಿದ್ದೇನೆ.